ಮಕ್ಕಳನ್ನು ಡಾನ್ಸ್ ಕ್ಲಾಸಿಗೆ ಹಾಕುವ ಮುನ್ನ: ನೆಲ ನೋಡಿ, ಕಲಿಸುವವರನ್ನು ನೋಡಿ, ಕಡೇ ಬಸ್ಸೂ ನೋಡಿ

ಶಾಲೆ ಶುರುವಾದ ಕೂಡಲೇ ನಮ್ಮ ಭಾಗದಲ್ಲಿ ಡಾನ್ಸ್ ಕ್ಲಾಸಿನ ಫ್ಲೆಕ್ಸ್‌ಗಳು ಏಳುತ್ತವೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ, ಕಾಗವಾಡ ಎಲ್ಲೇ ನೋಡಿದರೂ ಅಷ್ಟೇ. ಒಂದೇ ಫ್ಲೆಕ್ಸ್‌ನಲ್ಲಿ ಭರತನಾಟ್ಯ, ವೆಸ್ಟರ್ನ್, ಹಿಪ್‌ಹಾಪ್, ಝುಂಬಾ. ಈಗೀಗ ‘ಬ್ಯಾಲೆ’ ಅಂತಲೂ ಇರುತ್ತದೆ. ಇಷ್ಟೆಲ್ಲ ಒಬ್ಬರೇ ಕಲಿಸ್ತಾರಾ? ಫೀ ಕಟ್ಟುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಬ್ಯಾಲೆ ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಇದೆ. ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ‘ಬ್ಯಾಲೆ’ ಅಂದರೆ ಸಾಮಾನ್ಯವಾಗಿ ಹತ್ತಾರು ಮಕ್ಕಳು ಸೇರಿ ಕಥೆ ಆಡುವ ನೃತ್ಯರೂಪಕ. ಯುರೋಪಿನ ಬ್ಯಾಲೆ ಬೇರೆ; ಅದು ವರ್ಷಗಟ್ಟಲೆ ಮೈ ಪಳಗಿಸುವ ವಿದ್ಯೆ. 2020ರಲ್ಲಿ ಬಂದ ‘ಯೇ ಬ್ಯಾಲೆ’ ಸಿನಿಮಾ ಮುಂಬೈನ ಇಬ್ಬರು ಬಡ ಹುಡುಗರ ನಿಜ ಕಥೆಯಿಂದ ಹುಟ್ಟಿದ್ದು. ಅದನ್ನು ಮೊಬೈಲಿನಲ್ಲಿ ನೋಡಿ ‘ನನಗೂ ಬೇಕು’ ಅನ್ನುವ ಮಕ್ಕಳಿದ್ದಾರೆ, ತಪ್ಪೇನಿಲ್ಲ. ಆದರೆ ನಮ್ಮ ಊರಲ್ಲಿ ಬ್ಯಾಲೆ ಕಲಿಸ್ತೀವಿ ಅನ್ನುವವರು ತಾವು ಎಲ್ಲಿ, ಯಾರ ಹತ್ತಿರ, ಎಷ್ಟು ವರ್ಷ ಕಲಿತರು ಅಂತ ಹೇಳಬೇಕು. ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಶೂ ಹಾಕಿಸುವುದು ಕೆಲವು ವರ್ಷ ಕಲಿತ ಮೇಲೆ, ಸಾಮಾನ್ಯವಾಗಿ 11-12 ವಯಸ್ಸು ದಾಟಿದ ನಂತರ. ಎಂಟು ವರ್ಷದ ಕೂಸಿಗೆ ಅದನ್ನು ಹಾಕಿ ನಿಲ್ಲಿಸುವ ಕ್ಲಾಸಾದರೆ ಅಂದೇ ಬಿಡಿಸಿ. ಪಾದದ ಎಲುಬು ಇನ್ನೂ ಎಳೆಯದಿರುತ್ತದೆ.

ನಮ್ಮ ಕಡೆ ಗಟ್ಟಿಯಾಗಿ ಕಲಿಯಲು ಸಿಗುವ ಸಾಧ್ಯತೆ ಹೆಚ್ಚಿರುವುದು ಭರತನಾಟ್ಯ, ಆಮೇಲೆ ಕಥಕ್. ಇವಕ್ಕೆ ಪರೀಕ್ಷೆಯ ದಾರಿ ಎರಡಿದೆ. ಗಡಿ ಭಾಗವಾದ್ದರಿಂದ ಎರಡೂ ನಮಗೆ ಹತ್ತಿರ. ಒಂದು ಕರ್ನಾಟಕದ್ದು: ಜೂನಿಯರ್, ಸೀನಿಯರ್, ವಿದ್ವತ್. ಮೊದಲು ಎಸ್ಸೆಸ್ಸೆಲ್ಸಿ ಬೋರ್ಡ್ ನಡೆಸುತ್ತಿತ್ತು, ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ನಡೆಸುತ್ತದೆ. ಇನ್ನೊಂದು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ್ದು. ಇದರ ಮೂಲಪುರುಷ ವಿಷ್ಣು ದಿಗಂಬರ ಪಲುಸ್ಕರ್ 1872ರಲ್ಲಿ ಹುಟ್ಟಿದ್ದು ನರಸೋಬವಾಡಿ ಪಕ್ಕದ ಕುರುಂದವಾಡದಲ್ಲಿ, 1931ರಲ್ಲಿ ತೀರಿಕೊಂಡದ್ದು ಮಿರಜದಲ್ಲಿ. ಅಂದರೆ ನಮ್ಮ ಮಗ್ಗುಲಿನವರೇ. ಮಂಡಳದ ಪರೀಕ್ಷೆಯಲ್ಲಿ ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ 7 ಮೆಟ್ಟಿಲು.

ಕಲಿಸುವವರನ್ನು ಕೇಳಿ: ‘ನೀವು ಯಾವ ಪರೀಕ್ಷೆ ಪಾಸಾಗೀರಿ? ನಿಮ್ಮ ಗುರು ಯಾರು?’ ಸೀನಿಯರ್ ಮುಗಿಸಿದ ಹುಡುಗಿಯೊಬ್ಬಳು ಚಿಕ್ಕ ಮಕ್ಕಳಿಗೆ ಚೆನ್ನಾಗಿಯೇ ಪಾಠ ಹೇಳಬಹುದು, ಆದರೆ ಅವಳು ಇನ್ನೂ ಗುರುವಿನ ಹತ್ತಿರ ಹೋಗುತ್ತಿರಬೇಕು. ಉತ್ತರ ಕೊಡಲು ಸಿಟ್ಟಾಗುವವರಾದರೆ ಮುಂದಿನ ಕ್ಲಾಸ್ ನೋಡ್ರಿ.

ಗಡಿಯಾಚೆಯಿಂದ ಬರುವ ಇನ್ನೊಂದು ಮಾತು: ‘ಗಾಂಧರ್ವ ಪರೀಕ್ಷೆ ಕೊಟ್ಟರ ಹತ್ತನೇತ್ಯಾಗ ಮಾರ್ಕ್ಸ್ ಜಾಸ್ತಿ ಸಿಗತಾವ.’ ಶಾಸ್ತ್ರೀಯ ಕಲೆಗೆ ಹೆಚ್ಚುವರಿ ಅಂಕ ಕೊಡುವ ಆ ಸೌಲಭ್ಯ ಮಹಾರಾಷ್ಟ್ರ ಬೋರ್ಡಿನ ಮಕ್ಕಳದು. ಚಿಕ್ಕೋಡಿಯಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಮಗು ಅದನ್ನು ನಂಬಿ ಕೂರುವಂತಿಲ್ಲ.

ಇನ್ನು ನೆಲದ ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಮಗಳನ್ನು ಮೊದಲು ಹಾಕಿದ್ದು ಅಂಗಡಿ ಸಾಲಿನ ಮೇಲಿನ ಒಂದು ಹಾಲ್‌ನಲ್ಲಿ. ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ನುಣುಪು ಟೈಲ್ಸ್. ವಾರ್ಷಿಕೋತ್ಸವ ಹತ್ತಿರ ಬಂದಾಗ ದಿನಾ ಎರಡೆರಡು ತಾಸು ಕುಣಿಸಿದರು. ರಾತ್ರಿ ಮೊಣಕಾಲ ಕೆಳಗಿನ ಎಲುಬು ಹಿಡಿದುಕೊಂಡು ಅಳುತ್ತಿದ್ದಳು. ‘ಮೊದಮೊದಲು ಎಲ್ಲರಿಗೂ ನೋಯತದ’ ಅಂದರು, ನಾವೂ ನಂಬಿದೆವು. ಭರತನಾಟ್ಯದಲ್ಲಿ ಬರಿಗಾಲಲ್ಲಿ ನೂರಾರು ಸಲ ನೆಲ ತಟ್ಟಬೇಕು. ಗಟ್ಟಿ ನೆಲ ಆ ಪೆಟ್ಟನ್ನು ನುಂಗುವುದಿಲ್ಲ, ತಿರುಗಿ ಕಾಲಿಗೇ ಕೊಡುತ್ತದೆ. ಮರದ ಹಲಗೆಯ ನೆಲ ಇದ್ದರೆ ಉತ್ತಮ. ನಮ್ಮಲ್ಲಿ ಅದು ಸಿಗುವುದು ಅಪರೂಪ ಅನ್ನೋದು ನಿಜ. ಟೈಲ್ಸ್ ಮೇಲೆ ಕಲಿಸುವವರು ಜೋರಾಗಿ ತಟ್ಟಿಸುವ ಹೊತ್ತನ್ನಾದರೂ ಕಡಿಮೆ ಮಾಡಬೇಕು, ನಡುನಡುವೆ ಕೂರಿಸಿ ಹಸ್ತ, ತಾಳ ಹೇಳಿಕೊಡಬೇಕು.

ಹೋಗಿ ನಿಂತು ನೋಡುವಾಗ ಮಕ್ಕಳ ಅರೆಮಂಡಿ ಗಮನಿಸಿ. ಮೊಣಕಾಲು ಪಾದದ ಬೆರಳುಗಳ ದಿಕ್ಕಿಗೇ ಹೋಗಬೇಕು. ಪಾದ ಹೊರಗೆ, ಮೊಣಕಾಲು ಒಳಗೆ ಬಿದ್ದಿದ್ದರೆ, ಅದನ್ನು ಟೀಚರ್ ತಿದ್ದುತ್ತಿಲ್ಲವಾದರೆ, ಮುಂದೆ ಮೊಣಕಾಲು ನೋವು ಖಾತ್ರಿ. ಪಾಠಕ್ಕೆ ಮೊದಲು ಮೈ ಸಡಿಲಿಸುವ ವ್ಯಾಯಾಮ ಇದೆಯಾ? ತಟ್ಟುಕಳಿ ಹಿಡಿದು ತಾಳ ಹಾಕಿ ಹೇಳಿಕೊಡ್ತಾರಾ, ಇಲ್ಲ ಸ್ಪೀಕರ್ ಹಚ್ಚಿ ಮೊಬೈಲ್ ನೋಡ್ತಾ ಕೂರ್ತಾರಾ? ಮೂರು ತಿಂಗಳಿಗೇ ಹಾಡಿಗೆ ಕುಣಿಸಿ ರೀಲ್ ಹಾಕುವ ಕ್ಲಾಸಿಗಿಂತ, ಆರು ತಿಂಗಳು ತಟ್ಟಡವು, ನಾಟ್ಟಡವು ಅಂತ ಬೇಸರ ಬರಿಸುವ ಕ್ಲಾಸೇ ಒಳ್ಳೆಯದು. ಪ್ರತಿಭಾ ಕಾರಂಜಿಯಲ್ಲಿ ನಿಂತಾಗ ಆ ವ್ಯತ್ಯಾಸ ಕಾಣುತ್ತದೆ.

ದುಡ್ಡಿನ ಲೆಕ್ಕ ಅಂಗಡಿಕಾರರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ತಿಂಗಳ ಫೀ ಒಂದೇ ಕೇಳಿ ಸುಮ್ಮನಾಗಬೇಡಿ. ಗೆಜ್ಜೆ, ಡ್ರೆಸ್ ಬಾಡಿಗೆ, ಮೇಕಪ್, ಪರೀಕ್ಷಾ ಶುಲ್ಕ, ಹೊರ ಊರಿನ ಸ್ಪರ್ಧೆಗೆ ಗಾಡಿ ಖರ್ಚು ಎಲ್ಲ ಆಮೇಲೆ ಬರುತ್ತವೆ. ವರ್ಷಕ್ಕೆ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ. ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ‘ಇಂಟರ್‌ನ್ಯಾಷನಲ್ ಅವಾರ್ಡ್’ ಕೊಡುವ ಸ್ಪರ್ಧೆಗಳ ಸರ್ಟಿಫಿಕೇಟಿಗೆ ಗೋಡೆ ಮೇಲಿನ ಬೆಲೆಯಷ್ಟೇ.

ಹಿರಿಯರಿಗೆ ಇನ್ನೊಂದು ಅಳುಕು ಇರುತ್ತದೆ. ದೇವದಾಸಿ ಪದ್ಧತಿಯ ನೋವು ಕಂಡ ಸೀಮೆ ಇದು. ಅದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ತಂದಿತ್ತು. ‘ಮನಿ ಹೆಣ್ಣುಮಗಳು ಕುಣಿಯೂದಂದ್ರ ಏನು’ ಅನ್ನುವ ಅಜ್ಜಿಯನ್ನು ಬೈಯುವುದು ಬೇಡ, ಒಂದು ದಿನ ಕ್ಲಾಸಿಗೆ ಕರೆದುಕೊಂಡು ಹೋಗಿ ಕೂರಿಸಿ. ಗಂಡುಮಕ್ಕಳ ವಿಷಯಕ್ಕೆ ನಗುವವರಿಗೆ ಶ್ರೀಕೃಷ್ಣ ಪಾರಿಜಾತ ನೆನಪಿಸಿದರೆ ಸಾಕು. ಕುಲಗೋಡ ತಮ್ಮಣ್ಣ ಬೆಳೆಸಿದ ಆ ಆಟದಲ್ಲಿ ಗಂಡಸರೂ ಸೀರೆ ಉಟ್ಟು ಕುಣಿದವರು.

ಸುರಕ್ಷತೆ ಬಗ್ಗೆ ಸಂಕೋಚ ಬೇಡವೇ ಬೇಡ. ಪಾಲಕರು ಒಳಗೆ ಬರುವಂತಿಲ್ಲ ಅನ್ನುವ ಕ್ಲಾಸಿಗೆ ಕಳಿಸಬೇಡಿ. ಭಂಗಿ ತಿದ್ದಲು ಮೈ ಮುಟ್ಟಬೇಕಾದರೆ ಎಲ್ಲರ ಎದುರು, ಹೇಳಿ ಮುಟ್ಟಬೇಕು. ಬಟ್ಟೆ ಬದಲಿಸಲು ಬಾಗಿಲು, ಚಿಲಕ ಇರುವ ಕೋಣೆ ಇರಬೇಕು. ಮಕ್ಕಳ ವಿಡಿಯೋ ಹಾಕುವ ಮೊದಲು ನಿಮ್ಮನ್ನು ಕೇಳಬೇಕು.

ಕಡೆಗೆ ದಾರಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹಳ್ಳಿಯಿಂದ ತಾಯಿ ಮಗಳು ತಾಲೂಕಿಗೆ ಬರುವುದು ಸಲೀಸಾಗಿದೆ, ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಲಾಪುರ. ಒಳ್ಳೆಯ ಗುರು ಅಲ್ಲಿದ್ದರೆ ವಾರಕ್ಕೆರಡು ದಿನ ಹೋಗಿಬರುವುದು, ಮನೆ ಪಕ್ಕದ ದಿನದ ಕ್ಲಾಸಿಗಿಂತ ಲೇಸಾಗಬಹುದು. ಆದರೆ ಸಂಜೆ ಕ್ಲಾಸ್ ಬಿಡುವ ಹೊತ್ತಿಗೆ ನಿಮ್ಮೂರಿಗೆ ಕಡೇ ಬಸ್ ಇರುತ್ತದಾ ಅಂತ ಕಂಡಕ್ಟರ್‌ನ್ನೇ ಕೇಳಿಕೊಂಡು ಆಮೇಲೆ ಹೆಸರು ಹಚ್ಚಿ. ಮೊದಲ ತಿಂಗಳು ತಿಂಗಳಿನದಷ್ಟೇ ಕಟ್ಟಿ. ವರ್ಷದ ಫೀ ಒಮ್ಮೆಲೇ ಕೊಟ್ಟರೆ ರಿಯಾಯಿತಿ ಅಂದರೂ ತಡೀರಿ.