ಒಂಬತ್ತನೆಯ ತರಗತಿಯ ಅಂಕ ಹಣೆಬರಹವಲ್ಲ

ಕಳೆದ ಏಪ್ರಿಲ್ ತಿಂಗಳಲ್ಲಿ ಜೇವರ್ಗಿ ಕಡೆಯ ತಂದೆಯೊಬ್ಬರು ಮಗನ ಅಂಕಪಟ್ಟಿ ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಒಂಬತ್ತನೆಯ ತರಗತಿ, ಗಣಿತದಲ್ಲಿ 21, ಇಂಗ್ಲಿಷಿನಲ್ಲಿ 26. “ಫಾದರ್, ಇವಂಗ ವಿದ್ಯಾ ಹತ್ತಂಗಿಲ್ರಿ, ಬೆಂಗಳೂರಿಗೆ ಕೆಲಸಕ್ಕ ಕಳಸ್ತೀನ್ರಿ” ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಲೆಕ್ಕ ಮೊದಲು ತಪ್ಪಿದ್ದು ಎಲ್ಲಿ ಎಂದು ಹುಡುಗನನ್ನೇ ಕೇಳಿದೆವು. ಬಹಳ ಹೊತ್ತಿನ ಮೇಲೆ ಅವನು, ಐದನೆಯ ತರಗತಿಯ ಭಿನ್ನರಾಶಿ ಎಂದನು. ಆ ವರ್ಷ ಕುಟುಂಬವು ಕಬ್ಬು ಕಡಿಯಲು ನಾಲ್ಕು ತಿಂಗಳು ಊರು ಬಿಟ್ಟಿತ್ತು. ತಂದೆ ಸುಮ್ಮನಾದರು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂತಹ ಮನೆಗಳು ಅನೇಕ. ಗುಳೆ ಹೋಗುವುದು, ತೊಗರಿ ರಾಶಿಯ ಕಾಲದಲ್ಲಿ ಮಕ್ಕಳು ಹೊಲದಲ್ಲಿ ನಿಲ್ಲುವುದು, ಒಮ್ಮೆ ತಪ್ಪಿದ ಪಾಠ ಮತ್ತೆ ದೊರೆಯದಿರುವುದು, ಇವೆಲ್ಲ ಸೇರಿ ಅಂಕಪಟ್ಟಿಯಾಗುತ್ತವೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಇಳಿಯಿತು. ಜಿಲ್ಲೆಯ ಮಕ್ಕಳೆಲ್ಲರೂ ದಡ್ಡರೆಂದು ಇದರ ಅರ್ಥವೇ?

ಒಂದು ವಸ್ತು ಈಗ ಏನಾಗಿದೆ ಎಂಬುದು ಬೇರೆ, ಅದು ಏನಾಗಬಲ್ಲದು ಎಂಬುದು ಬೇರೆ ಎಂದು ತತ್ತ್ವಜ್ಞಾನಿ ಅರಿಸ್ಟಾಟಲ್ ವಿಂಗಡಿಸಿ ಹೇಳಿದನು. ಅಂಕಪಟ್ಟಿ ಮೊದಲನೆಯದನ್ನು ಮಾತ್ರ ತಿಳಿಸುತ್ತದೆ. ಎರಡನೆಯದನ್ನು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ.

ಇದು ಬರಿಯ ಸಮಾಧಾನದ ಮಾತಲ್ಲ, ಪ್ರವೇಶದ ನಿಯಮಗಳೂ ಇದನ್ನೇ ಹೇಳುತ್ತವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ಪಿಯುಸಿ ಮುಗಿಸಿರಬೇಕು, ಆಯಾ ಕೋರ್ಸಿನ ಕನಿಷ್ಠ ಅರ್ಹತೆಯಿರಬೇಕು. ಸ್ಥಾನ ನಿಗದಿಯಾಗುವುದು ಈ ಪರೀಕ್ಷೆಯ ಅಂಕಗಳಿಂದ. ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳ ಅಂಕ ಅರ್ಧ, ಪ್ರವೇಶ ಪರೀಕ್ಷೆಯ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್. ಒಂಬತ್ತನೆಯ ತರಗತಿಯ ಗಣಿತದ ಅಂಕವನ್ನು ಇಲ್ಲೆಲ್ಲಿಯೂ ಕೂಡಿಸುವುದಿಲ್ಲ. ಸಂವಿಧಾನದ 371(ಜೆ) ವಿಧಿಯನ್ವಯ ನಮ್ಮ ಭಾಗದ ರಾಜ್ಯ ಸಂಸ್ಥೆಗಳಲ್ಲಿ ಶೇ. 70ರಷ್ಟು, ಉಳಿದೆಡೆ ಶೇ. 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾಗಿವೆ. ಅದರ ಅರ್ಹತಾ ಪತ್ರವನ್ನು ಕೊನೆಯ ಗಳಿಗೆಯವರೆಗೆ ಕಾಯದೆ ಪಡೆದಿಟ್ಟುಕೊಳ್ಳಬೇಕು.

ಆದರೆ ಇನ್ನೊಂದು ಮಾತನ್ನು ಮುಚ್ಚಿಡಲಾರೆವು. ಅಂಕ ಲೆಕ್ಕಕ್ಕೆ ಬಾರದಿದ್ದರೂ ಪಾಠ ಲೆಕ್ಕಕ್ಕೆ ಬರುತ್ತದೆ. ಭಿನ್ನರಾಶಿ ತಿಳಿಯದವನಿಗೆ ಬೀಜಗಣಿತ ತಿಳಿಯದು. ಬೀಜಗಣಿತ ತಿಳಿಯದೆ ಪಿಯುಸಿ ವಿಜ್ಞಾನ ಸಾಗದು. ಕಡಗಂಚಿ ನಮ್ಮ ನೆರೆಯಲ್ಲಿದೆ ನಿಜ, ಆದರೆ ಅಲ್ಲಿ ದೇಶದೆಲ್ಲೆಡೆಯ ಮಕ್ಕಳೊಡನೆ ಸ್ಪರ್ಧೆ. ಸಿಯುಇಟಿಯಲ್ಲಿ ಸರಿಯುತ್ತರಕ್ಕೆ ಐದು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಊಹೆಯಿಂದ ಅಲ್ಲಿ ಗೆಲ್ಲಲಾಗದು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಮಗು ಎಡವಿದ ತರಗತಿ ಯಾವುದೆಂದು ಕೇಳಿರಿ. ಅದು ಐದನೆಯದಾಗಿದ್ದರೆ ಐದನೆಯ ತರಗತಿಯ ಪುಸ್ತಕವನ್ನೇ ತೆರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ಓದು ಬಾರದ ತಾಯಂದಿರು ಕೂಡ ಮಗು ದಿನವೂ ಇಂಗ್ಲಿಷ್ ಪಾಠದ ಒಂದು ಪುಟ ಗಟ್ಟಿಯಾಗಿ ಓದುವುದನ್ನು ಕುಳಿತು ಕೇಳಬಹುದು. ರಾಶಿಯ ಕಾಲದಲ್ಲಿ ಶಾಲೆ ಬಿಡಿಸಬೇಡಿರಿ. ಗುಳೆ ಹೋಗುವುದು ಅನಿವಾರ್ಯವಾದರೆ ಮಗುವನ್ನು ಅಜ್ಜಿಯ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಬಿಟ್ಟುಹೋಗಿರಿ. ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಒಮ್ಮೆ ನಪಾಸಾದ ಮಗಳನ್ನು ಮದುವೆ ಮಾಡಿ ಕಳುಹಿಸುವ ಆತುರ ಬೇಡ.

ಆ ತಂದೆ ಹೊರಡುವಾಗ ಅಂಕಪಟ್ಟಿಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಹುಡುಗ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಗೆ ಹೋದನು. ಸಂಜೆ ಅವನು ಬಿಡಿಸುತ್ತಿರುವುದು ಐದನೆಯ ತರಗತಿಯ ಲೆಕ್ಕಗಳನ್ನು. ಮುಂದೆ ಅವನು ಕಡಗಂಚಿಯ ಬಾಗಿಲು ತಲುಪುವನೋ ಇಲ್ಲವೋ ನಾವು ಹೇಳಲಾರೆವು. ಆದರೆ ಆ ಬಾಗಿಲನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಮುಚ್ಚುವ ಹಕ್ಕು ನಮಗಾರಿಗೂ ಇಲ್ಲ.