ಹಳೆ ಗಾಳಿ ಹೋಗಲಿ, ಬಿಸಿ ಇಲ್ಲೇ ಇರಲಿ

ಟೊರಾಂಟೊದಲ್ಲೋ ಕ್ಯಾಲ್ಗರಿಯಲ್ಲೋ ನೆಲೆಸಿರುವ ಕನ್ನಡಿಗರನ್ನು ಕೇಳಿ ನೋಡಿ: ಜನವರಿಯಲ್ಲಿ ಹಾಕಿದ ಒಗ್ಗರಣೆಯ ಘಾಟು ಮರುದಿನವೂ ಕೋಟಿನಲ್ಲಿ ಇರುತ್ತದೆ. ಬಿಸಿ ಸೋರಬಾರದೆಂದು ಅಲ್ಲಿನ ಹೊಸ ಮನೆಗಳನ್ನು ಸಂದುಗೊಂದು ಬಿಡದೆ ಮುಚ್ಚಿ ಕಟ್ಟುತ್ತಾರೆ. ಬಿಸಿಯ ಜೊತೆಗೆ ಘಾಟು, ಸ್ನಾನದ ಹಬೆ, ಹೊಸ ಪ್ಲೈವುಡ್ಡು-ಪೇಂಟಿನ ಆವಿ, ನಾವು ಬಿಟ್ಟ ಉಸಿರು ಎಲ್ಲವೂ ಒಳಗೇ ಸುತ್ತುತ್ತವೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 420ಕ್ಕಿಂತ ತುಸು ಹೆಚ್ಚು. ಇಬ್ಬರು ಬಾಗಿಲು ಹಾಕಿ ಮಲಗಿದ ಸಣ್ಣ ಕೋಣೆಯಲ್ಲಿ ಬೆಳಗಾಗುವ ಹೊತ್ತಿಗೆ ಅದು 2,000 ದಾಟುವುದು ಅಪರೂಪವೇನಲ್ಲ. ಅಷ್ಟರಿಂದ ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ ಗಾಳಿ ಬದಲಾಗುತ್ತಿಲ್ಲ, ಉಳಿದ ಕಶ್ಮಲವೂ ಅಲ್ಲೇ ಕೂತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕಿಟಕಿ ತೆರೆದರಾಯಿತಲ್ಲ ಎನ್ನಬಹುದು. ಲೆಕ್ಕ ಹಾಕೋಣ. ಸಣ್ಣ ಸಂಸಾರಕ್ಕೆ ಗಂಟೆಗೆ 100 ಘನ ಮೀಟರ್ ಹೊಸ ಗಾಳಿ ಬೇಕೆಂದಿಟ್ಟುಕೊಳ್ಳಿ. ಹೊರಗೆ ಮೈನಸ್ 15 ಡಿಗ್ರಿ, ಒಳಗೆ 21. ಅಷ್ಟು ಗಾಳಿಯನ್ನು 36 ಡಿಗ್ರಿ ಮೇಲೆತ್ತಲು ಸುಮಾರು 1,200 ವ್ಯಾಟ್ ಬೇಕು, ಅದೂ ಹಗಲು ರಾತ್ರಿ ಬಿಡುವಿಲ್ಲದೆ. ಒಂದು ರೂಮ್ ಹೀಟರ್ ಚಳಿಗಾಲ ಪೂರ್ತಿ ಉರಿದ ಹಾಗೆ.

ಎನರ್ಜಿ ರಿಕವರಿ ವೆಂಟಿಲೇಟರ್, ಅಂದರೆ ಇಆರ್‌ವಿ, ಈ ಖರ್ಚಿನ ದೊಡ್ಡ ಪಾಲನ್ನು ಉಳಿಸುವ ಪೆಟ್ಟಿಗೆ. ಒಂದು ಫ್ಯಾನು ಬಚ್ಚಲಿನ, ಪಡಸಾಲೆಯ ಹಳೆ ಗಾಳಿಯನ್ನು ಎಳೆದು ಹೊರಗೆ ದೂಡುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಫಿಲ್ಟರಿನ ಮೂಲಕ ಮಲಗುವ ಕೋಣೆಗಳಿಗೆ ಕಳಿಸುತ್ತದೆ. ನಡುವೆ ಇರುವುದೇ ಕೋರ್. ಬಿಚ್ಚಿ ನೋಡಿದರೆ ತೆಳು ಹಾಳೆಗಳ ಅಟ್ಟಿ. ಹಾಳೆ ಹಾಳೆಯ ನಡುವೆ ಕಿರಿದಾದ ಗಾಳಿಯ ಓಣಿಗಳು. ಒಂದು ಓಣಿಯಲ್ಲಿ ಹೋಗುವ ಗಾಳಿ, ಪಕ್ಕದ್ದರಲ್ಲಿ ಬರುವ ಗಾಳಿ. ಎರಡೂ ಬೆರೆಯುವುದಿಲ್ಲ, ಆದರೆ ಹಾಳೆಯ ಈಚೆಯಿಂದ ಆಚೆಗೆ ಬಿಸಿ ದಾಟುತ್ತದೆ. ನೂರಕ್ಕೆ 75ರಷ್ಟು ದಾಟಿಸುವ ಕೋರ್ ಆದರೆ, ಮೈನಸ್ 15ರಲ್ಲಿ ಒಳಹೊಕ್ಕ ಗಾಳಿ 12 ಡಿಗ್ರಿಯಾಗಿ ಕೋಣೆಗೆ ಇಳಿಯುತ್ತದೆ. 1,200 ವ್ಯಾಟ್ ಕೆಲಸದಲ್ಲಿ ಉಳಿಯುವುದು 300. ಎರಡು ಫ್ಯಾನುಗಳು ತಿನ್ನುವ ಕರೆಂಟು ಒಂದು ಹಳೆ ಸೀಲಿಂಗ್ ಫ್ಯಾನಿನ ಆಸುಪಾಸು.

ಇದೇನೂ ಇಂದಿನ ಜಾಣತನವಲ್ಲ. ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಕಾಗದದ ಕೋರ್ ಇರುವ ಲಾಸ್ನೇ ಯಂತ್ರವನ್ನು 1970ರಲ್ಲೇ ತಂದಿತ್ತು. ಕೆನಡಾದ ರೆಜೈನಾದಲ್ಲಿ 1977ರಲ್ಲಿ ಕಟ್ಟಿದ ಸಸ್ಕ್ಯಾಚೆವನ್ ಕನ್ಸರ್ವೇಶನ್ ಹೌಸ್‌ನಲ್ಲಿ ದಪ್ಪ ಗೋಡೆ, ಬಿಗಿ ಮುಚ್ಚಿಗೆಯ ಜೊತೆಗೆ ಪ್ಲಾಸ್ಟಿಕ್ ಹಾಳೆಗಳ ಇಂಥದೇ ವಿನಿಮಯ ಪೆಟ್ಟಿಗೆ ಇತ್ತು.

ಅಂಗಡಿಯಲ್ಲಿ ಎಚ್‌ಆರ್‌ವಿ ಎಂಬ ಇನ್ನೊಂದು ಹೆಸರೂ ಕಿವಿಗೆ ಬೀಳುತ್ತದೆ. ಅದು ಬಿಸಿಯನ್ನು ಮಾತ್ರ ದಾಟಿಸುತ್ತದೆ. ಇಆರ್‌ವಿಯ ಹಾಳೆ ನೀರಾವಿಯನ್ನೂ ಬಿಡುತ್ತದೆ. ಮೈನಸ್ 15ರ ಗಾಳಿಯನ್ನು ಹಾಗೇ ತಂದು 21ಕ್ಕೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇಕಡಾ 10ಕ್ಕೂ ಕೆಳಗಿಳಿದು ತುಟಿ ಒಡೆಯುತ್ತದೆ, ಗಂಟಲು ಒಣಗುತ್ತದೆ. ಹೊರಹೋಗುವ ಗಾಳಿಯ ತೇವದಲ್ಲಿ ಒಂದು ಪಾಲು ವಾಪಸ್ಸಾದರೆ ಆ ಕಷ್ಟ ಕಡಿಮೆ. ಬಿಸಿಲೂರಿನಲ್ಲಿ ಆಟ ತಿರುಗುಮುರುಗು: ಹೊರಗಿನ ಸೆಕೆ ಮತ್ತು ಜಿಗುಟು, ಹೊರಹೋಗುವ ತಂಪು ಒಣ ಗಾಳಿಗೆ ದಾಟಿಬಿಡುತ್ತವೆ.

ಹಾಗಾದರೆ ನಮಗೆ ಬೇಕೇ? ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮನೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಂಪಾಗಿಸಿ ತಿರುಗಿಸುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ದಿಲ್ಲಿಯ ಎಸಿ ಕೋಣೆಯಲ್ಲಿ ಇಆರ್‌ವಿಗೆ ಕೈತುಂಬ ಕೆಲಸ. ಹೊರಗೆ 42, ಒಳಗೆ 26 ಇದ್ದು ಶೇಕಡಾ 70 ವಿನಿಮಯವಾದರೆ ಗಾಳಿ 31ರ ಆಸುಪಾಸಿನಲ್ಲಿ ಬರುತ್ತದೆ. ನವೆಂಬರಿನ ಹೊಗೆಗೆ ಮಾತ್ರ ಕೋರ್ ಏನೂ ಮಾಡದು. ಅಲ್ಲಿ ಒಳ್ಳೆಯ ಫಿಲ್ಟರೇ ಗತಿ. ಮಂಗಳೂರಿನಲ್ಲಿ ಎಸಿ ಓಡುವಷ್ಟು ಹೊತ್ತು ಪ್ರಯೋಜನವಿದೆ. ಎಸಿ ಆರಿಸಿದರೆ ಒಳಗೂ ಹೊರಗೂ ಅದೇ ಸೆಕೆ, ಅದೇ ತೇವ, ವಿನಿಮಯಕ್ಕೆ ಏನೂ ಉಳಿಯುವುದಿಲ್ಲ. ಇಆರ್‌ವಿ ತಾನಾಗಿ ಕೋಣೆ ಒಣಗಿಸುವ ಯಂತ್ರವಲ್ಲ, ಮಾರುವವರು ಏನೇ ಹೇಳಲಿ.

ಬೆಂಗಳೂರಿನವರು ಇದಕ್ಕೆ ದುಡ್ಡು ಸುರಿಯುವ ಮೊದಲು ಎದುರು-ಬದರು ಎರಡು ಕಿಟಕಿ ತೆರೆಯಲಿ. ವರ್ಷದ ಬಹುಪಾಲು ಒಳಗಿನ-ಹೊರಗಿನ ಉಷ್ಣತೆಗೆ ಅಂಥ ಅಂತರವೇ ಇಲ್ಲದ ಊರಿನಲ್ಲಿ ಮರಳಿ ಪಡೆಯಲು ಏನಿದೆ? ರಿಂಗ್ ರಸ್ತೆಗೆ ಮುಖ ಮಾಡಿದ ಫ್ಲ್ಯಾಟಿನ ತೊಂದರೆ ಧೂಳು, ಸದ್ದು. ಫಿಲ್ಟರ್ ಇರುವ ಒಂದು ಒಳಗಾಳಿ ಫ್ಯಾನೇ ಅಲ್ಲಿಗೆ ಸಾಕು.

ಹಾಕಿಸುವವರು ನೋಡಿಕೊಳ್ಳಬೇಕಾದದ್ದು ಬ್ರ್ಯಾಂಡಿಗಿಂತ ಕೂಡಿಸುವ ಕೆಲಸವನ್ನು. ಗಾಳಿ ಎಳೆಯುವ ಬಾಯಿ, ಬಿಡುವ ಬಾಯಿಯ ಪಕ್ಕದಲ್ಲಿದ್ದರೆ ಬಿಟ್ಟದ್ದೇ ಮರಳಿ ಬರುತ್ತದೆ. ಗ್ಯಾರೇಜಿನ ಹತ್ತಿರವಿದ್ದರೆ ಕಾರಿನ ಹೊಗೆ. ಒಲೆಯ ಮೇಲಿನ ಚಿಮಣಿಯನ್ನು ಇದಕ್ಕೆ ಜೋಡಿಸಲೇಬಾರದು. ಜಿಡ್ಡು ಹಿಡಿದ ಕೋರ್ ಕೆಲಸಕ್ಕೆ ಬಾರದು, ಒಗ್ಗರಣೆಯ ಹೊಗೆಗೆ ನೇರ ಹೊರಗೆ ಹೋಗುವ ಬೇರೆ ಕೊಳವೆ ಬೇಕು. ಫಿಲ್ಟರನ್ನು ಎರಡು-ಮೂರು ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು. ಹಿಮ ಬೀಳುವ ಊರಿನಲ್ಲಿ ಹೊರಗಿನ ಜಾಲರಿಯನ್ನೂ ನೋಡಬೇಕು. ಕಾಗದದ ಕೋರನ್ನು ನಲ್ಲಿ ಕೆಳಗೆ ಹಿಡಿದರೆ ಮುಗಿಯಿತು, ಧೂಳು ಹೀರಿಸುವುದಷ್ಟೇ.

ಎಲ್ಲಕ್ಕಿಂತ ಹೆಚ್ಚು ಜನ ಕಡೆಗಣಿಸುವುದು ಸಮತೋಲನವನ್ನು. ಹೋಗುವ ಗಾಳಿ ಬರುವುದಕ್ಕಿಂತ ಜಾಸ್ತಿಯಾದರೆ ಮನೆ ಎಲ್ಲ ಸಂದುಗಳಿಂದ ಧೂಳು ಎಳೆಯುತ್ತದೆ. ಹೊಗೆಕೊಳವೆಯ ಗ್ಯಾಸ್ ಗೀಸರ್ ಇದ್ದರೆ ಅದರ ವಿಷಗಾಳಿಯೂ ಹಿಂದಕ್ಕೆ ಬರಬಹುದು. ಗ್ರಿಲ್ಲಿಗೆ ಟಿಶ್ಯೂ ಕಾಗದ ಹಿಡಿದು ‘ನೋಡಿ, ಎಳೀತಾ ಇದೆ’ ಎಂದು ತೋರಿಸಿದರೆ ಒಪ್ಪಬೇಡಿ. ಪ್ರತಿ ಗ್ರಿಲ್ಲಿನಲ್ಲೂ ಗಾಳಿಯ ಪ್ರಮಾಣ ಅಳೆದು ಬರೆದುಕೊಟ್ಟ ಮೇಲೆ ಕೊನೆಯ ಕಂತು ಕೊಡಿ.