ಲಕೋಟೆಯ ಮೇಲಿನ ವಿಳಾಸ

ಅರೇಹಳ್ಳಿಯ ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಪಾಠ. “ಇನ್‌ಕಾಗ್ನಿಟೋದಲ್ಲಿ ಕಾಯಿಲೆ ಬಗ್ಗೆ ಹುಡುಕಿದರೆ ಯಾರಿಗೂ ಗೊತ್ತಾಗಲ್ಲ ಅಲ್ವಾ ಮಿಸ್?” ಎಂದಳು ಒಬ್ಬ ವಿದ್ಯಾರ್ಥಿನಿ. ಹೌದೆಂದುಬಿಟ್ಟೆ. ಅದು ತಪ್ಪು. ಮರುದಿನ ಅಂಚೆ ಕಾರ್ಡು, ಲಕೋಟೆ ಹಿಡಿದು ತಿದ್ದಿದೆ.

ಇನ್‌ಕಾಗ್ನಿಟೋ ಅಳಿಸುವುದು ಫೋನಿನೊಳಗಿನ ದಾಖಲೆಯನ್ನಷ್ಟೇ. ‘ಎಚ್‌ಟಿಟಿಪಿ’ ಪುಟ ಕಾರ್ಡಿನಂತೆ: ಇಂಟರ್‌ನೆಟ್ ಕಂಪನಿ ಓದಬಹುದು, ಅದರಲ್ಲಿ ಬರೆಯಲೂಬಹುದು. 2015ರಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮ ತಾಣದ ಪುಟಕ್ಕೆ ಹೊರಗಿನ ಕೋಡ್ ಸೇರಿದ್ದನ್ನು ಪತ್ತೆಹಚ್ಚಿದರು; ಡೇಟಾ ಬಳಕೆ ಅಳೆಯಲು ಎಂದಿತು ಕಂಪನಿ. ‘ಎಚ್‌ಟಿಟಿಪಿಎಸ್’ ಲಕೋಟೆಯಂತೆ: ಒಳಗಿನ ಬರಹ ಕಾಣದು, ತಾಣದ ವಿಳಾಸ ಸಾಮಾನ್ಯವಾಗಿ ಕಾಣುತ್ತದೆ. ಜಾಹೀರಾತು ಗುರಿಯಿಡಲು ಅಷ್ಟು ಸಾಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಜಾಡು ಹಿಡಿಯುವುದನ್ನು ನಿಷೇಧಿಸುತ್ತದೆ. ಆದರೆ ಸಿಮ್ ಅಪ್ಪನ ಹೆಸರಿನಲ್ಲಿದೆ. ಹುಡುಕಿದ್ದು ಮಗು ಎಂದು ಕಂಪನಿಗೆ ತಿಳಿಯುವುದು ಹೇಗೆ?